ಎರಡು ಖಾಲಿ ಮನೆಗಳು

2025 ಮಾರ್ಚ್ 12, ಬುಧವಾರ

ಬೆಳಿಗ್ಗೆಯಿಂದ ಒಂದೇ ಕೋಷ್ಟಕದ ಮುಂದೆ ಕೂತಿದ್ದೇನೆ. ಮೇಲೆ ಹನ್ನೆರಡು ಹಣ್ಣುನೊಣಗಳ ಹೆಸರು, ಪಕ್ಕದಲ್ಲಿ ಜೀನ್‌ಗಳ ಹೆಸರು. 2007ರಲ್ಲಿ ಜೀನೋಮ್‌ಗಳನ್ನು, ಅಂದರೆ ಪೂರ್ತಿ ಡಿಎನ್‌ಎಯನ್ನು, ಒಟ್ಟಿಗೆ ಹೋಲಿಸಿದ ಆ ಹನ್ನೆರಡು ಡ್ರೊಸೊಫಿಲ ಪ್ರಭೇದಗಳೇ. ಯಾವ ಜೀನ್ ಎಲ್ಲಿ ಉಳಿದಿದೆ, ಎಲ್ಲಿ ಕಳೆದುಹೋಗಿದೆ ಅಂತ ಗುರುತು ಹಾಕಬೇಕು.

'ಐಲೆಸ್' ಜೀನ್‌ನ ಸಾಲು ಬೇಗ ತುಂಬಿತು. ಕಣ್ಣು ಮೂಡಿಸುವ ಜೀನ್ ಇದು. ಡಿಎನ್‌ಎ ಅಕ್ಷರಗಳು ಅಲ್ಲಲ್ಲಿ ಬದಲಾಗಿವೆ, ಅದರಲ್ಲೂ ಮೂರಕ್ಷರದ ಸಂಕೇತಗಳ ಮೂರನೇ ಅಕ್ಷರಗಳು ಜಾಸ್ತಿ. ಆದರೆ ಪ್ರೋಟೀನ್‌ನ ಮುಖ್ಯ ಭಾಗ ಹಾಗೇ ಇದೆ. ಇಲಿಯಲ್ಲಿರುವ ಇದರ ಜೋಡಿ ಜೀನನ್ನು ನೊಣದ ಕಾಲಿನಲ್ಲಿ ಚಾಲೂ ಮಾಡಿದಾಗ ಅಲ್ಲೇ ನೊಣದ ಕಣ್ಣು ಮೂಡಿತ್ತು, 1995ರಲ್ಲಿ. ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ.

ದಿನವೆಲ್ಲ ತಿಂದಿದ್ದು ವಾಸನೆ ಹಿಡಿಯುವ ಒಂದು ಗ್ರಾಹಕ ಜೀನ್. ಹನ್ನೆರಡರಲ್ಲಿ ಸೆಶೆಲಿಯ ಅನ್ನುವ ನೊಣದಲ್ಲಿ ಇಲ್ಲ, ಪರ್ಸಿಮಿಲಿಸ್‌ನಲ್ಲೂ ಇಲ್ಲ. ನಿನ್ನೆ ಕೋಷ್ಟಕದ ಆ ಎರಡು ಮನೆಯನ್ನೂ ಖಾಲಿ ಬಿಟ್ಟು, 'ಕಳೆದುಹೋಗಿದೆ' ಅಂತ ಬರೆದು ಮೇಡಂಗೆ ಕಳಿಸಿಯೂ ಬಿಟ್ಟಿದ್ದೆ.

ಸೆಶೆಲಿಯದ ಕಥೆ ನಂಬುವಂಥದ್ದೇ. ಸೆಶೆಲ್ಸ್ ದ್ವೀಪಗಳ ಈ ನೊಣ ನೋನಿ ಹಣ್ಣನ್ನೇ ನೆಚ್ಚಿಕೊಂಡಿದೆ. ಅದರ ಹತ್ತಿರದ ನೆಂಟರಿಗೆ ಆ ಹಣ್ಣು ವಿಷ. ಒಂದೇ ಹಣ್ಣು ಸಾಕಾದವನಿಗೆ ಹತ್ತು ವಾಸನೆ ಯಾಕೆ ಬೇಕು, ಅಲ್ವಾ? ವಾಸನೆ, ರುಚಿಯ ಗ್ರಾಹಕಗಳನ್ನು ಅದು ನೆಂಟರಿಗಿಂತ ಬೇಗ ಕಳೆದುಕೊಂಡಿದೆ. ಇಲ್ಲೂ ಜೀನ್‌ನ ಅವಶೇಷ ಸಿಕ್ಕಿತು, ನಡುವೆ ಒಂದು ಸ್ಟಾಪ್ ಸಂಕೇತ, ಅಂದರೆ ಪ್ರೋಟೀನ್ ಅಲ್ಲೇ ಅರ್ಧಕ್ಕೆ ನಿಲ್ಲುತ್ತದೆ. ಓದಿನ ತಪ್ಪೇ ಇರಬಹುದೇ ಅಂತ ಹೊಸ ಜೀನೋಮ್ ತೆರೆದು ನೋಡಿದೆ. ಅಲ್ಲೂ ಸ್ಟಾಪ್ ಇದೆ.

ಪರ್ಸಿಮಿಲಿಸ್ ಮಾತ್ರ ಮನಸ್ಸಿಗೆ ಒಪ್ಪಲಿಲ್ಲ. ಅದರ ತೀರಾ ಹತ್ತಿರದ ನೆಂಟ ಸ್ಯೂಡೊಆಬ್‌ಸ್ಕ್ಯೂರದಲ್ಲಿ ಜೀನ್ ಪೂರ್ತಿ ಇದೆ. ಹೋಲುವ ಅಕ್ಷರಸಾಲು ಹುಡುಕುವ ಬ್ಲಾಸ್ಟ್ ತಂತ್ರಾಂಶ ಬಿಟ್ಟು ಅಕ್ಕಪಕ್ಕದ ಜೀನ್‌ಗಳನ್ನು ಹುಡುಕಿದೆ. ಎಡಗಡೆಯದು ಇದೆ, ಬಲಗಡೆಯದೂ ಇದೆ. ನಡುವೆ ಸಾಲುಸಾಲು 'ಎನ್' ಅಕ್ಷರ. ಅಂದರೆ ಅಲ್ಲಿ ಏನಿದೆ ಅಂತ ಯಾರೂ ಓದಿಯೇ ಇಲ್ಲ! 2007ರ ಆ ಕೆಲಸದಲ್ಲಿ ಪರ್ಸಿಮಿಲಿಸ್‌ನ ಜೀನೋಮನ್ನು ಸರಾಸರಿ ನಾಲ್ಕು ಸಲದಷ್ಟೇ ಓದಿದ್ದರು. ಬೇರೆ ಕೆಲವನ್ನು ಅದರ ಎರಡರಷ್ಟು. ಉದ್ದುದ್ದ ತುಣುಕುಗಳಿಂದ ಜೋಡಿಸಿದ ಹೊಸ ಜೀನೋಮ್‌ನಲ್ಲಿ ಜೀನ್ ಮೊದಲಿಂದ ಕೊನೆವರೆಗೆ ಸರಿಯಾಗಿ ಕೂತಿದೆ.

ಕಂಪ್ಯೂಟರ್ ಎರಡಕ್ಕೂ ಸುಮ್ನೆ ಒಂದೇ ಖಾಲಿ ಮನೆ ಕೊಟ್ಟಿತ್ತು. ಒಂದು ನಿಜಕ್ಕೂ ಹೋದ ಜೀನ್, ಇನ್ನೊಂದು ನಾವು ಓದದೆ ಬಿಟ್ಟ ಜೀನ್. ಇನ್ನು ನನ್ನ ಕೋಷ್ಟಕದಲ್ಲಿ 'ಇಲ್ಲ' ಬೇರೆ, 'ಗೊತ್ತಿಲ್ಲ' ಬೇರೆ. ಮೇಡಂಗೆ ತಿದ್ದಿ ಕಳಿಸಿದೆ. "ಪರ್ಸಿಮಿಲಿಸ್‌ನ ಉಳಿದ ಖಾಲಿ ಮನೆಗಳನ್ನೂ ನೋಡಿಬಿಡಿ" ಅಂದರು. ಇನ್ನೂ ಹದಿನೇಳಿವೆ.