‘ಡಿಪ್ರೆಶನ್‌ನಲ್ಲಿ ಎಷ್ಟು ಥರ ಅಕ್ಕಾ?’

ನನ್ನ ತಮ್ಮನ ಕಾಯಿಲೆ ವಿಷಯ ಗೊತ್ತಿರುವವರು ಒಂದಲ್ಲ ಒಂದು ದಿನ ಫೋನ್ ಮಾಡಿ ಕೇಳುತ್ತಾರೆ: "ಅಕ್ಕಾ, ಡಿಪ್ರೆಶನ್‌ನಲ್ಲಿ ಎಷ್ಟು ಥರ? ನಮ್ಮ ಮನೆಯವರದು ಯಾವುದು?" ನಾನು ಡಾಕ್ಟರಲ್ಲ. ಅವನ ಜೊತೆ ಓಡಾಡಿ ಕಲಿತದ್ದನ್ನಷ್ಟೇ ಹೇಳಬಲ್ಲೆ.

ನಾವೆಲ್ಲ ಮಾಡುವ ವಿಂಗಡಣೆ ಒಂದಿದೆ. ಸಾಲ, ಸಾವು ಅಂತ ಕಾರಣ ಇದ್ದು ಬಂದದ್ದು ಒಂದು, ಸುಮ್ನೆ ಬಂದದ್ದು ಇನ್ನೊಂದು. ಹಿಂದೆ ಡಾಕ್ಟರುಗಳೂ ಹೀಗೇ ನೋಡುತ್ತಿದ್ದರು. 1980ರಲ್ಲಿ ಬಂದ ಡಿಎಸ್ಎಂ-3, ಅಂದರೆ ಮನಸ್ಸಿನ ಕಾಯಿಲೆ ಗುರುತಿಸಲು ಡಾಕ್ಟರುಗಳು ಬಳಸುವ ಅಮೆರಿಕದ ಕೈಪಿಡಿ, ಅದನ್ನು ಬಿಟ್ಟು ಲಕ್ಷಣ ಎಣಿಸುವ ದಾರಿ ಹಿಡಿಯಿತು. ಅದರ ಈಗಿನ ಆವೃತ್ತಿಯ ಪ್ರಕಾರ ಡಿಪ್ರೆಶನ್ ಅನ್ನಬೇಕಾದರೆ 9 ಲಕ್ಷಣಗಳಲ್ಲಿ 5 ಆದರೂ 2 ವಾರ ಇರಬೇಕು. ಅದರಲ್ಲಿ ಮಂಕು ಕವಿದಿರುವುದು ಇಲ್ಲವೇ ಯಾವುದೂ ಬೇಡ ಅನಿಸುವುದು, ಎರಡರಲ್ಲೊಂದು ಇರಲೇಬೇಕು. "ಕಾರಣ ಇದೆಯಲ್ಲ, ತಾನಾಗೇ ಸರಿಹೋಗುತ್ತೆ" ಅಂತ ಕಾಯುತ್ತಾ ಕೂತ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಕಾಯಬೇಡಿ.

ಉಳಿದ ಹೆಸರುಗಳು ಕಾಲ, ತೀವ್ರತೆ, ಲಕ್ಷಣ ನೋಡಿ ಇಟ್ಟವು. 2 ವರ್ಷಕ್ಕೂ ಜಾಸ್ತಿ ಎಳೆಯುವ ಮಂಕಿಗೆ ಡಿಸ್ತೀಮಿಯ ಅಂತಾರೆ. ಮೆಲಂಕೋಲಿಯ ಅನ್ನುವ ಥರದಲ್ಲಿ ನಸುಕಿಗೇ ಎಚ್ಚರ, ಬೆಳಗ್ಗೆಯೇ ಸಂಕಟ ಜಾಸ್ತಿ, ಊಟ ಸೇರಲ್ಲ. ಇದಕ್ಕೆ ಉಲ್ಟಾ, ವಿಪರೀತ ನಿದ್ದೆ ಮಾಡಿ, ವಿಪರೀತ ತಿನ್ನುವ ಥರವೂ ಇದೆ. ಬಾಣಂತಿಯರಿಗೆ ಬರುವುದನ್ನು ಹಿರಿಯರು ‘ಸುಸ್ತು’ ಅಂತ ತಳ್ಳಿಹಾಕುತ್ತಾರೆ, ಅದು ನನಗೆ ತುಂಬ ನೋವಿನ ವಿಷಯ.

ಆದರೆ ನಾನು ಎಲ್ಲರಿಗೂ ಒತ್ತಿ ಹೇಳುವ ವ್ಯತ್ಯಾಸ ಬೇರೆ. ನನ್ನ ತಮ್ಮ ಮಂಕಾಗುವುದಕ್ಕೆ ಮೂರು ವರ್ಷ ಮೊದಲು, ಒಂದು ತಿಂಗಳು ದಿನಕ್ಕೆ ಎರಡು-ಮೂರು ಗಂಟೆ ಮಲಗಿದರೂ ದಣಿಯುತ್ತಿರಲಿಲ್ಲ. ನಡುರಾತ್ರಿ ಲೈಟ್ ಹಾಕಿಕೊಂಡು ಹಿತ್ತಿಲ ಗೋಡೆಗೆ ಸುಣ್ಣ ಬಳಿದ. ಸಾಲ ಮಾಡಿ ಎರಡು ಹಸು ತಂದ, ಕಟ್ಟಲು ಕೊಟ್ಟಿಗೆಯೇ ಇರಲಿಲ್ಲ. "ಮಗ ಚುರುಕಾದ" ಅಂತ ಅಮ್ಮ ಖುಷಿಪಟ್ಟಿದ್ದಳು. ಡಿಪ್ರೆಶನ್‌ಗೆ ತೋರಿಸಿದಾಗ ಇದನ್ನು ಯಾರೂ ಕೇಳಲಿಲ್ಲ, ನಮಗೂ ಹೇಳಬೇಕು ಅಂತ ಹೊಳೆಯಲಿಲ್ಲ. ಬರೀ ಡಿಪ್ರೆಶನ್ ಮಾತ್ರೆ ಶುರುವಾದ ಮೂರನೇ ವಾರಕ್ಕೆ ಆ ಹುಚ್ಚು ಹುರುಪು ವಾಪಸ್ ಬಂತು, ಮೊದಲಿಗಿಂತ ಜೋರಾಗಿ.

ಅವನದು ಬೈಪೋಲಾರ್, ಅಂದರೆ ಕೆಲ ಕಾಲ ಮಂಕು, ಕೆಲ ಕಾಲ ಹೀಗೆ ವಿಪರೀತ ಹುರುಪು ಬರುವ ಕಾಯಿಲೆ. ಮಂಕಾಗಿದ್ದಾಗ ನೋಡಿದರೆ ಡಿಪ್ರೆಶನ್, ಬೈಪೋಲಾರ್ ಎರಡೂ ಒಂದೇ ಥರ ಕಾಣುತ್ತವೆ, ಔಷಧಿ ಮಾತ್ರ ಬೇರೆ. ಬೈಪೋಲಾರ್ ಇದ್ದವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಕೆಲವರಲ್ಲಿ ಹೀಗಾಗುತ್ತದೆ. ಎರಡನೇ ಡಾಕ್ಟರು ಹಳೆಯದೆಲ್ಲ ಕೇಳಿ, ಈ ಏರಿಳಿತ ಹಿಡಿತದಲ್ಲಿಡುವ ಲಿಥಿಯಂ ಮಾತ್ರೆ ಕೊಟ್ಟರು. ಅದಕ್ಕೆ ಆಗಾಗ ರಕ್ತಪರೀಕ್ಷೆ ಆಗಬೇಕು, ಅದನ್ನು ನಾವು ತಪ್ಪಿಸಲ್ಲ.

ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಹುರುಪಿನ ದಿನಗಳನ್ನೂ ಬರೆದುಕೊಂಡು ಹೋಗಿ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ ಅಂತಲೂ ಹೇಳಿ. ಥೈರಾಯ್ಡ್, ಬಿ12 ಪರೀಕ್ಷೆ ಬೇಕಾ ಅಂತ ಕೇಳಿ, ಅವು ಕಮ್ಮಿಯಾದರೂ ಮಂಕು ಬರಬಹುದು. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೇಳಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನುವ ಮಾತು ಬಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅವತ್ತೇ ಕರೆದುಕೊಂಡು ಹೋಗಿ.

ನನ್ನ ತಮ್ಮ ತನ್ನ ಕೋಣೆಯ ಕ್ಯಾಲೆಂಡರಿನಲ್ಲಿ ಈಗ ದಿನವೂ ನಿದ್ದೆಯ ಗಂಟೆ ಬರೆಯುತ್ತಾನೆ. ಸತತ ಎರಡು ದಿನ 4 ಅಂತ ಕಂಡರೆ ಮೂರನೇ ದಿನ ಡಾಕ್ಟರಿಗೆ ಫೋನ್ ಮಾಡುವುದು ನನ್ನ ಕೆಲಸ. ನಿನ್ನೆ 7 ಬರೆದಿದ್ದ.