ಲ್ಯಾಪ್‌ಟಾಪ್ ಹೊತ್ತು ಹನೋಯ್‌ನಿಂದ ಸೈಗಾನ್‌ವರೆಗೆ

ಹನೋಯ್‌ನ ಹಳೇ ಪೇಟೆಯ ರೂಮಿನಲ್ಲಿ ಸ್ಪೀಡ್ ಟೆಸ್ಟ್ ಹಾಕಿದರೆ ಸೆಕೆಂಡಿಗೆ 200 ಮೆಗಾಬಿಟ್ ದಾಟಿ ತೋರಿಸುತ್ತಿತ್ತು. ಅದೇ ರೂಮಿನಲ್ಲಿ ಕೂತು ಯುರೋಪಿನಲ್ಲಿರುವ ನನ್ನ ಸರ್ವರ್‌ನಿಂದ ಒಂದು ಸಣ್ಣ ಫೋಲ್ಡರ್ ಇಳಿಸಿಕೊಳ್ಳಲು ಹೋದರೆ ಅದು ಅರ್ಧಕ್ಕೆ ನಿಂತು, ಮತ್ತೆ ತೆವಳಿ, ಮತ್ತೆ ನಿಲ್ಲುತ್ತಿತ್ತು. ಮೊದಲು ಲ್ಯಾಪ್‌ಟಾಪ್ ಮೇಲೆ ಅನುಮಾನ ಬಂತು, ಆಮೇಲೆ ರೂಟರ್ ಮೇಲೆ, ಕೊನೆಗೆ ಹೋಟೆಲಿನವರ ಮೇಲೆ. ತೊಂದರೆ ಇದ್ದದ್ದು ಸಮುದ್ರದ ತಳದಲ್ಲಿ.

ಸ್ಪೀಡ್ ಟೆಸ್ಟ್ ಆ್ಯಪ್ ತಾನಾಗಿಯೇ ಹತ್ತಿರದ ಸರ್ವರನ್ನು ಹುಡುಕಿಕೊಳ್ಳುತ್ತದೆ. ಅಂದರೆ ಅದು ಅಳೆಯುವುದು ನಿಮ್ಮ ರೂಮಿನಿಂದ ಅದೇ ಊರಿನ ಇನ್ನೊಂದು ಕಟ್ಟಡದವರೆಗಿನ ವೇಗ. ವಿಯೆಟ್ನಾಂ ಒಳಗಿನ ಫೈಬರ್ ಜಾಲ ನಿಜಕ್ಕೂ ಸೊಗಸಾಗಿದೆ. ಆದರೆ ದೇಶದಿಂದ ಆಚೆ ಹೋಗುವ ದಟ್ಟಣೆಯ ಬಹುಪಾಲು ಬೆರಳೆಣಿಕೆಯ ಸಮುದ್ರ ಕೇಬಲ್‌ಗಳ ಮೇಲೆ ನಿಂತಿದೆ. 2009ರಲ್ಲಿ ಶುರುವಾದ ಏಷ್ಯಾ-ಅಮೆರಿಕ ಗೇಟ್‌ವೇ ಕೇಬಲ್ ಪದೇ ಪದೇ ಕೆಟ್ಟುಹೋಗುವುದರಲ್ಲೇ ಅಲ್ಲಿ ಹೆಸರು ಮಾಡಿದೆ. 2023ರ ಆರಂಭದಲ್ಲಂತೂ ಆಗ ಇದ್ದ ಐದೂ ಕೇಬಲ್‌ಗಳಲ್ಲಿ ಒಟ್ಟಿಗೆ ತೊಂದರೆಯಾಗಿತ್ತು. ಕೆಟ್ಟರೆ ರಿಪೇರಿಗೆ ಹಡಗೇ ಬರಬೇಕು, ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ರೂಮ್ ಹಿಡಿಯುವ ಮುಂಚೆ ಟೆಸ್ಟ್ ಮಾಡುವುದಾದರೆ ಸರ್ವರನ್ನು ನೀವೇ ಆರಿಸಿ: ಸಿಂಗಪುರ ಒಂದು, ಯುರೋಪಿನದ್ದು ಇನ್ನೊಂದು. ಆಗ ಬರುವ ಅಂಕಿಯೇ ನಿಮಗೆ ಸಿಗುವ ವೇಗ.

ವೀಸಾ, ವಿಮಾನ, ನೋಡಲೇಬೇಕಾದ ಹತ್ತು ಜಾಗ ಇವೆಲ್ಲ ಎಲ್ಲ ಕಡೆಯೂ ಸಿಗುತ್ತವೆ, ನಾನು ಬರೆಯುವುದಿಲ್ಲ. ಹಾ ಲಾಂಗ್ ಕೊಲ್ಲಿಗೂ ಹೋಗಿದ್ದೆ, ನೀರಿಗಿಂತ ದೋಣಿಗಳ ಸಾಲೇ ಹೆಚ್ಚು ಕಂಡಿತು. ಜನಜಂಗುಳಿ ನನಗೆ ಆಗುವುದಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದ್ದನ್ನು ಓದಿ.

ಯಾವ ಲ್ಯಾಪ್‌ಟಾಪ್ ಒಯ್ಯಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಕಳೆದುಹೋದರೆ ಊಟ ಬಿಡುವಷ್ಟು ದುಬಾರಿಯದು ಬೇಡ. ನನ್ನದು ಹಳೆಯದು, ಹಗುರ, ಲಿನಕ್ಸ್ ಹಾಕಿದ್ದು. ಪ್ರೊಸೆಸರ್ ಯಾವ ಪೀಳಿಗೆಯದು ಅನ್ನುವುದಕ್ಕಿಂತ ಅದು ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತದೆಯೇ ಅನ್ನುವುದು ದಾರಿಯಲ್ಲಿ ಮುಖ್ಯ. ಹಾಗೆ ಆಗುವುದಾದರೆ 65 ವಾಟ್‌ನ ಒಂದೇ ಚಾರ್ಜರ್‌ನಲ್ಲಿ ಫೋನು, ಲ್ಯಾಪ್‌ಟಾಪ್, ಪವರ್ ಬ್ಯಾಂಕ್ ಮೂರೂ ಮುಗಿಯುತ್ತವೆ. ನಮ್ಮ ಎರಡು ಸಣ್ಣ ಪಿನ್ನಿನ ಚಾರ್ಜರ್ ಅಲ್ಲಿನ ಸಾಕೆಟ್ಟಿಗೆ ಹೋಗುತ್ತದೆ, ಕರೆಂಟೂ 220 ವೋಲ್ಟೇ. ಮೂರು ದಪ್ಪ ಪಿನ್ನಿನದ್ದು ಹೋಗುವುದಿಲ್ಲ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ಹಳೆಯ ರೂಮುಗಳ ಸಾಕೆಟ್ ಎಷ್ಟು ಸಡಿಲ ಎಂದರೆ ಭಾರದ ಚಾರ್ಜರ್ ರಾತ್ರಿ ತಾನಾಗಿಯೇ ಜಾರಿ ಬಿದ್ದಿರುತ್ತದೆ. ಬೆಳಿಗ್ಗೆ ಎದ್ದರೆ ಬ್ಯಾಟರಿ ಖಾಲಿ. ಮೊಳ ಉದ್ದದ ಎಕ್ಸ್‌ಟೆನ್ಷನ್ ವೈರ್ ಒಂದನ್ನು ಹಾಕಿಕೊಂಡರೆ ತಲೆನೋವಿಲ್ಲ. ಪವರ್ ಬ್ಯಾಂಕ್ 100 ವಾಟ್-ಅವರ್ ಒಳಗಿರಲಿ, ಅಂದರೆ ಸುಮಾರು 27,000 ಎಂಎಎಚ್. ಅದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ.

ರೂಮಿನ ವಿಷಯ. ಹಳೇ ಪೇಟೆಯ ಅಗ್ಗದ ಹೋಟೆಲುಗಳಲ್ಲಿ ಕಿಟಕಿಯೇ ಇಲ್ಲದ ರೂಮುಗಳಿರುತ್ತವೆ. ಫೋಟೋದಲ್ಲಿ ಪರದೆ ತೂಗುಹಾಕಿರುತ್ತಾರೆ, ಸರಿಸಿದರೆ ಗೋಡೆ. ನನಗೆ ‘ಕೆಲಸದ ಮೇಜು ಇದೆ’ ಎಂದು ಹೆಚ್ಚು ಹಣ ಕಟ್ಟಿಸಿಕೊಂಡ ಕಡೆ ಇದ್ದದ್ದು ಕನ್ನಡಿಯ ಡ್ರೆಸ್ಸಿಂಗ್ ಟೇಬಲ್. ಅದರ ಮೇಲೆ ಕೆಟಲ್, ಕೆಳಗೆ ಕಾಲಿಡುವ ಜಾಗದಲ್ಲಿ ಫ್ರಿಜ್. ಲ್ಯಾಪ್‌ಟಾಪ್ ತೆರೆದರೆ ನನ್ನ ಮುಖವನ್ನೇ ನೋಡುತ್ತಾ ಟೈಪ್ ಮಾಡಬೇಕು. ರೂಮನ್ನು ಮಲಗಲು ಮಾತ್ರ ಹಿಡಿಯಿರಿ, ಕೂರಲು ಕಾಫಿ ಅಂಗಡಿಗೆ ಹೋಗಿ. ಅಲ್ಲಿ ಒಂದು ಲೋಟ ಕಾಫಿಗೆ ಗಂಟೆಗಟ್ಟಲೆ ಕೂತರೂ ಯಾರೂ ಹುಬ್ಬು ಏರಿಸುವುದಿಲ್ಲ. ವೈಫೈ ಪಾಸ್‌ವರ್ಡ್ ಎಷ್ಟೋ ಕಡೆ ಬಿಲ್ಲಿನ ಮೇಲೇ ಅಚ್ಚಾಗಿರುತ್ತದೆ. ಲಾಗಿನ್ ಪುಟ ತೆರೆದುಕೊಳ್ಳದಿದ್ದರೆ ವಿಪಿಎನ್ ಆಫ್ ಮಾಡಿ, ಆಂಡ್ರಾಯ್ಡ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಸೆಟ್ಟಿಂಗನ್ನೂ ಆಫ್ ಮಾಡಿ, ಹತ್ತರಲ್ಲಿ ಎಂಟು ಸಲ ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಹನೋಯ್‌ನಿಂದ ದೇಶದ ನಡುಭಾಗದ ಹುಯೆಗೆ ರಾತ್ರಿ ರೈಲು, 688 ಕಿ.ಮೀ. ಕಣ್ಣು ಮುಚ್ಚಿ ಹೋಗಿ. ನಾಲ್ಕು ಬರ್ತಿನ ಕೂಪೆ, ಓದುವ ದೀಪ, ಕೆಲಸ ಮಾಡುವ ಪ್ಲಗ್, ನಿದ್ದೆ ಬಂತು. ಇಷ್ಟಕ್ಕಿಂತ ಹೇಳಲು ಏನೂ ಇಲ್ಲ, ಒಳ್ಳೆಯ ಪ್ರಯಾಣದ ಬಗ್ಗೆ ಬರೆಯುವುದು ಕಷ್ಟ. ಹುಯೆಯಿಂದ ಡಾ ನಾಂಗ್‌ಗೆ ಹೋಗುವಾಗ ಮಾತ್ರ ಹಗಲಿನ ರೈಲು ಹಿಡಿದು ಎಡಗಡೆ ಕೂರಿ. ಹಾಯ್ ವಾನ್ ಘಾಟಿಯಲ್ಲಿ ಹಳಿ ಸಮುದ್ರಕ್ಕೆ ಅಂಟಿಕೊಂಡೇ ಹೋಗುತ್ತದೆ.

ಬಸ್ಸಿನ ಬಗ್ಗೆ ಬರೆಯಲು ಬೇಕಾದಷ್ಟಿದೆ. ಹೊಯ್ ಆನ್‌ನಿಂದ ನ್ಯಾ ಟ್ರಾಂಗ್‌ಗೆ ರಾತ್ರಿ ಸ್ಲೀಪರ್. ಟಿಕೆಟ್ ಕೊಡಿಸಿದ ಕೌಂಟರಿನವರು ವೈಫೈ ಇದೆ, ಪ್ರತಿ ಬರ್ತಿಗೂ ಚಾರ್ಜಿಂಗ್ ಇದೆ, ಊರ ಮಧ್ಯದಲ್ಲೇ ಇಳಿಸುತ್ತಾರೆ ಎಂದು ಮೂರು ಮಾತು ಕೊಟ್ಟರು. 4,50,000 ಡಾಂಗ್ ತೆಗೆದುಕೊಂಡರು, ಅಂದರೆ ಸುಮಾರು 1,500 ರೂಪಾಯಿ. ಬಸ್ಸಿನವನು ಕೈಗಿತ್ತ ಚೀಟಿಯಲ್ಲಿ ಅಚ್ಚಾಗಿದ್ದದ್ದು 3,20,000. ಮೆಟ್ಟಿಲಲ್ಲೇ ಚಪ್ಪಲಿ ಕಳಚಿಸಿ ಪ್ಲಾಸ್ಟಿಕ್ ಚೀಲ ಕೊಡುತ್ತಾರೆ, ಅದು ಸರಿ. ಆದರೆ ಕ್ಲೀನರ್ ನನ್ನ ಲ್ಯಾಪ್‌ಟಾಪ್ ಬ್ಯಾಗನ್ನೂ ಕೆಳಗಿನ ಡಿಕ್ಕಿಗೆ ಎಸೆಯಲು ಹೊರಟ. ಅಲ್ಲಿ ಆಗಲೇ ಒಂದು ಸ್ಕೂಟರ್ ಮಲಗಿತ್ತು, ಪಕ್ಕದಲ್ಲಿ ನೀರು ಸೋರುವ ಥರ್ಮೋಕೋಲ್ ಪೆಟ್ಟಿಗೆ. ಬ್ಯಾಗನ್ನು ಎದೆಗವಚಿಕೊಂಡು ಹತ್ತಿದೆ. ಬೈದ, ನನಗೆ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು.

ಬರ್ತುಗಳು ಮೂರು ಸಾಲು. ಕಾಲನ್ನು ಮುಂದಿನವರ ಬೆನ್ನಿನ ಕೆಳಗಿನ ಪೆಟ್ಟಿಗೆಯೊಳಗೆ ತೂರಿಸಬೇಕು. ಐದೂವರೆ ಅಡಿಗಿಂತ ಎತ್ತರ ಇದ್ದವರು ಮಂಡಿ ಮಡಿಸಿಕೊಂಡೇ ರಾತ್ರಿ ಕಳೆಯಬೇಕು. ಯುಎಸ್‌ಬಿ ಕಿಂಡಿ ಇತ್ತು, ಅದರೊಳಗೆ ಕರೆಂಟ್ ಇರಲಿಲ್ಲ. ವೈಫೈ ‘ಕನೆಕ್ಟೆಡ್’ ಎಂದು ತೋರಿಸಿತು, ಇಂಟರ್ನೆಟ್ ಮಾತ್ರ ಇಲ್ಲ. ಮೂರನೆಯ ಮಾತೂ ಅಷ್ಟೇ: ನಸುಕಿನ ನಾಲ್ಕಕ್ಕೆ ಊರ ಹೊರಗಿನ ಹೆದ್ದಾರಿ ಬದಿಯಲ್ಲಿ ಇಳಿಸಿದರು. ಅಲ್ಲಿ ಕಾಯುತ್ತಿದ್ದ ಟ್ಯಾಕ್ಸಿಯವನು ಬಸ್ಸಿನವನಿಗೆ ಹೆಸರು ಹಿಡಿದು ಕೂಗಿದ್ದನ್ನು ನೋಡಿದರೆ ಇದು ದಿನದ ವ್ಯವಸ್ಥೆ ಅನ್ನುವುದು ತಿಳಿಯಿತು. ಫೋನಿನಲ್ಲಿ ಚಾರ್ಜ್ ಉಳಿದಿದ್ದರಿಂದ ಗ್ರ್ಯಾಬ್ (ಅಲ್ಲಿನ ಊಬರ್ ಥರದ ಆ್ಯಪ್) ಕರೆದೆ, ಟ್ಯಾಕ್ಸಿಯವನು ಕೇಳಿದ್ದರ ಮೂರನೇ ಒಂದು ಭಾಗಕ್ಕೆ ಕೆಲಸವಾಯಿತು. ಆ ದಾರಿಯಲ್ಲೂ ರೈಲಿದೆ, ಡಾ ನಾಂಗ್‌ವರೆಗೆ ವಾಪಸ್ ಹೋಗಬೇಕು ಅಷ್ಟೇ. ಹೋಗಿ.

ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬಂದದ್ದು ನೆಟ್ ಬೇಡದ ಸಾಫ್ಟ್‌ವೇರ್ ಮಾತ್ರ. ಗೂಗಲ್ ಮ್ಯಾಪ್ಸ್‌ನಲ್ಲಿ ನಕ್ಷೆ ಇಳಿಸಿಕೊಳ್ಳಬಹುದು, ಆದರೆ ಆಫ್‌ಲೈನ್‌ನಲ್ಲಿ ಅದು ಕಾರಿನ ದಾರಿ ಹೇಳುತ್ತದೆಯೇ ಹೊರತು ನಡೆಯುವ ದಾರಿ ಹೇಳುವುದಿಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್ ಹೇಳುತ್ತದೆ, ಓಣಿಯೊಳಗಿನ ಓಣಿಯನ್ನೂ ತೋರಿಸುತ್ತದೆ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ವಿಯೆಟ್ನಾಮೀಸ್ ಪ್ಯಾಕ್ ಮೊದಲೇ ಇಳಿಸಿಡಿ. ಫೋನಿನ ಫೋಟೋ ಲ್ಯಾಪ್‌ಟಾಪಿಗೆ ಹಾಕಲು ಲೋಕಲ್‌ಸೆಂಡ್ ಆ್ಯಪ್ ಚೆನ್ನ, ಎರಡೂ ಒಂದೇ ವೈಫೈನಲ್ಲಿದ್ದರೆ ಸಾಕು, ಇಂಟರ್ನೆಟ್ಟೇ ಬೇಡ. ಹೋಟೆಲ್ ವೈಫೈನಲ್ಲಿ ಎರಡೂ ಒಂದನ್ನೊಂದು ಕಾಣದಿದ್ದರೆ ಗಾಬರಿ ಬೇಡ, ಬಹಳ ಕಡೆ ಒಬ್ಬ ಗಿರಾಕಿಯ ಸಾಧನ ಇನ್ನೊಬ್ಬರದ್ದಕ್ಕೆ ಕಾಣದ ಹಾಗೆ ಬೇಕೆಂದೇ ಮಾಡಿರುತ್ತಾರೆ. ಫೋನಿನ ಹಾಟ್‌ಸ್ಪಾಟ್ ಹಾಕಿದರೆ ಆಯಿತು. ವಿಂಡೋಸ್ ಇರುವವರು ಎಲ್ಲ ವೈಫೈಗಳನ್ನೂ ‘ಮೀಟರ್ಡ್’ (ಡೇಟಾ ಮಿತಿ ಇರುವ ಸಂಪರ್ಕ) ಎಂದು ಗುರುತು ಹಾಕಿಬಿಡಿ, ಬಸ್ಸಿಗೆ ಹತ್ತು ನಿಮಿಷ ಇದೆ ಅನ್ನುವಾಗ ಅಪ್‌ಡೇಟ್ ಶುರುವಾಗುವುದು ತಪ್ಪುತ್ತದೆ, ಬಹುಮಟ್ಟಿಗೆ.

ಊಟಕ್ಕೆ ಹುಯೆಗೆ ವಾಪಸ್ ಬರುತ್ತೇನೆ. ಬೌದ್ಧ ಮಠಗಳ ಊರು, ಸಸ್ಯಾಹಾರಿಗಳಿಗೆ ಆ ದೇಶದಲ್ಲಿ ಅದಕ್ಕಿಂತ ಒಳ್ಳೆಯ ಊರು ನಾನು ಕಾಣಲಿಲ್ಲ. ಬೇರೆ ಕಡೆ ‘ತರಕಾರಿ ಮಾತ್ರ’ ಎಂದು ಅನುವಾದ ಮಾಡಿ ತೋರಿಸಿದರೂ ಮೀನಿನ ಸಾಸ್ ಬಿದ್ದಿರುತ್ತದೆ, ಅವರಿಗೆ ಅದು ಉಪ್ಪಿನ ಲೆಕ್ಕ. ‘ಚಾಯ್’ (chay, ಟೀ ಅಲ್ಲ, ಸಸ್ಯಾಹಾರ ಎಂದರ್ಥ) ಎಂದು ಬೋರ್ಡ್ ಇರುವ ಅಂಗಡಿಯಲ್ಲಿ ಆ ಭಯವಿಲ್ಲ. ನಾನು ದಿನವೂ ಹೋದದ್ದು ನದಿಯಿಂದ ಒಳಗೆ, ಬೈಕ್ ಮಾತ್ರ ನುಗ್ಗುವ ಓಣಿಯ ಒಂದು ಅಂಗಡಿಗೆ. ಸ್ಟೀಲ್ ಮೇಜು, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು, ಗಾಜಿನ ಕಪಾಟಿನಲ್ಲಿ ಹತ್ತು ಹನ್ನೆರಡು ಬಗೆಯ ಪಲ್ಯ. ಬೆರಳು ತೋರಿಸುತ್ತಾ ಹೋಗಬೇಕು, ಅನ್ನದ ಮೇಲೆ ಬೀಳುತ್ತಾ ಬರುತ್ತದೆ: ಟೊಮೆಟೊದಲ್ಲಿ ಬೇಯಿಸಿದ ತೋಫು, ಅಣಬೆ, ಬಾಳೆಹೂವು, ಎಳ್ಳು ಉದುರಿಸಿದ ಎಳೆ ಹಲಸಿನ ಕಾಯಿ. ಹಲಸಿನದ್ದನ್ನು ಎರಡನೇ ಸಲ ಹಾಕಿಸಿಕೊಳ್ಳದೆ ಎದ್ದವರನ್ನು ನಾನು ನಂಬುವುದಿಲ್ಲ. ಜೊತೆಗೆ ಸೊಪ್ಪಿನ ತಿಳಿಸಾರು, ಐಸ್ ಹಾಕಿದ ಟೀ ಬೇಕಾದಷ್ಟು, ಅದಕ್ಕೆ ದುಡ್ಡಿಲ್ಲ. ಎಲ್ಲ ಸೇರಿ 25,000 ಡಾಂಗ್, ನೂರು ರೂಪಾಯಿಗೂ ಕಮ್ಮಿ. ಅಂಗಡಿಯ ಅಜ್ಜಿ ಬೆಲೆಯನ್ನು ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನಮ್ಮ ಕಡೆ ತಿರುಗಿಸುತ್ತಾಳೆ. ಆ್ಯಪ್ ಇಲ್ಲ, ಮೆನು ಇಲ್ಲ, ಗೊಂದಲವೂ ಇಲ್ಲ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಸ್ಥಳೀಯರೂ ಮಾಂಸ ಬಿಡುತ್ತಾರೆ, ಅಂದು ಹನ್ನೊಂದಕ್ಕೇ ಹೋಗಿ, ತಡವಾದರೆ ಕಪಾಟು ಖಾಲಿ.

ಇಂಥ ಕಡೆ ನಗದು ಬೇಕು. ಗೋಡೆ ಮೇಲೆ ಕ್ಯೂಆರ್ ಅಂಟಿಸಿರುತ್ತಾರೆ, ಆದರೆ ಅದು ಮುಖ್ಯವಾಗಿ ಅಲ್ಲಿನ ಬ್ಯಾಂಕ್ ಖಾತೆ ಇದ್ದವರಿಗೆ. 20,000 ಮತ್ತು 5,00,000 ಎರಡೂ ನೀಲಿ ನೋಟು. ಬೇರೆ ಬೇರೆ ಜೇಬಿನಲ್ಲಿಡಿ, ಮಬ್ಬು ಬೆಳಕಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ.

ಹೊಯ್ ಆನ್ ಬಗ್ಗೆ ಎರಡೇ ಮಾತು: ಬೆಳಿಗ್ಗೆ ಏಳಕ್ಕೆ ಚಂದ, ಸಂಜೆ ಏಳಕ್ಕೆ ಜಾತ್ರೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೋಗುವವರು ನೆಲಮಹಡಿಯ ರೂಮ್ ಹಿಡಿಯಬೇಡಿ, ಆ ಭಾಗದಲ್ಲಿ ಆಗಲೇ ನೆರೆ ಬರುವುದು.

ಸೈಗಾನ್‌ನಲ್ಲಿ (ಈಗಿನ ಹೆಸರು ಹೋ ಚಿ ಮಿನ್ ಸಿಟಿ) 2024ರ ಡಿಸೆಂಬರ್‌ನಲ್ಲಿ ಮೆಟ್ರೋ ಶುರುವಾಗಿದೆ. ಬೆನ್ ಥಾನ್ ಮಾರುಕಟ್ಟೆಯ ಬುಡದಿಂದಲೇ ಹೊರಡುತ್ತದೆ, ಚೊಕ್ಕಟವಾಗಿದೆ, ಬಿಸಿಲಿನ ಹೊತ್ತಿಗೆ ಸುಮ್ಮನೆ ಕೂತು ಬರಲೂ ಅಡ್ಡಿಯಿಲ್ಲ. ಮೇಲೆ ಬಂದ ಮೇಲೆ ಮಾತ್ರ ಫುಟ್‌ಪಾತ್ ಅಂಚಿನಲ್ಲಿ ನಿಂತು ಫೋನ್ ನೋಡಬೇಡಿ, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವುದು ಅಲ್ಲಿ ಮಾಮೂಲು. ಗೋಡೆ ಪಕ್ಕಕ್ಕೆ ಸರಿದು ನೋಡಿ. ಒಟಿಪಿ ಬರುವ ಸಿಮ್ಮೂ, ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪೂ ಅದೇ ಫೋನಿನಲ್ಲಿದ್ದರೆ ಫೋನ್ ಹೋದ ಗಳಿಗೆಯಲ್ಲೇ ಇಮೇಲ್, ಬ್ಯಾಂಕ್, ವಿಮಾನದ ಟಿಕೆಟ್ ಎಲ್ಲಕ್ಕೂ ಬೀಗ. ಹೊರಡುವ ಮುಂಚೆ ಇಮೇಲಿನ ರಿಕವರಿ ಕೋಡ್‌ಗಳನ್ನು ಕಾಗದಕ್ಕೆ ಇಳಿಸಿ ಲ್ಯಾಪ್‌ಟಾಪ್ ಬ್ಯಾಗಿನಲ್ಲಲ್ಲ, ಬಟ್ಟೆ ಬ್ಯಾಗಿನ ತಳದಲ್ಲಿಡಿ. ಕಾರ್ಡುಗಳಲ್ಲಿ ಒಂದು ಪರ್ಸಿನಲ್ಲಿ, ಇನ್ನೊಂದು ಆ ಕಾಗದದ ಜೊತೆ.