ಹಾಸ್ಟೆಲಿನಲ್ಲಿ ಸಹಾಯಕರನ್ನು ಇಟ್ಟುಕೊಳ್ಳುವಾಗ

ನಮ್ಮ ಹಾಸ್ಟೆಲಿನಲ್ಲಿದ್ದ ವೀಲ್‌ಚೇರ್ ವಿದ್ಯಾರ್ಥಿಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಹೋಗಲು ಯಾರನ್ನಾದರೂ ಕರೆಯಬೇಕು, ಗೆಳೆಯರನ್ನು ದಿನಕ್ಕೆ ಎಷ್ಟು ಸಲ ಅಂತ ಕರೆಯುವುದು? ಮೂತ್ರದ ಸೋಂಕು, ಜ್ವರ, ಹಾಜರಾತಿ ಕೊರತೆ ಎಲ್ಲ ಅಲ್ಲಿಂದಲೇ ಶುರುವಾಗುತ್ತಿತ್ತು. ಅವರಿಗೆ ಬೇಕಿದ್ದದ್ದು ಹೇಳಿದ ಹೊತ್ತಿಗೆ ಬರುವ, ಸಂಬಳ ಪಡೆದು ಕೆಲಸ ಮಾಡುವ ಒಬ್ಬ ಸಹಾಯಕ. ಆ ವರ್ಷಗಳಲ್ಲಿ ಇದನ್ನು ಹೊಂದಿಸಿಕೊಂಡ ಬಗೆ ಹೊಸದಾಗಿ ಸೇರುವವರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಸಹಾಯಕರನ್ನು ವಿದ್ಯಾರ್ಥಿಯೇ ಆರಿಸಿ, ಕೆಲಸ ಹೇಳಿ, ಹೊಂದದಿದ್ದರೆ ಬಿಡಿಸುವ ಪದ್ಧತಿಗೆ ಬಲ ಬಂದದ್ದು ಅಮೆರಿಕದ ಬರ್ಕ್ಲಿಯಲ್ಲಿ. ಪೋಲಿಯೊ ಪೀಡಿತರಾಗಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಸೇರಿದಾಗ ಉಸಿರಾಟದ ಯಂತ್ರ ಹಿಡಿಸುವ ಹಾಸ್ಟೆಲ್ ಕೋಣೆ ಇರಲಿಲ್ಲ. ಕ್ಯಾಂಪಸ್ ಆಸ್ಪತ್ರೆಯಲ್ಲಿದ್ದುಕೊಂಡೇ ಓದಿದರು. 1970ರಲ್ಲಿ ಅಲ್ಲಿ ಶುರುವಾದ ವಿದ್ಯಾರ್ಥಿ ಕಾರ್ಯಕ್ರಮ ಸಹಾಯಕರನ್ನು ಹುಡುಕಿಕೊಡುವುದರಿಂದ ಹಿಡಿದು ವೀಲ್‌ಚೇರ್ ರಿಪೇರಿಯವರೆಗೆ ನೋಡಿಕೊಳ್ಳುತ್ತಿತ್ತು. ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಕಲಮಿನಲ್ಲೂ ಹೆಚ್ಚಿನ ನೆರವು ಬೇಕಿರುವವರಿಗೆ ಆರೈಕೆದಾರರ ಭತ್ಯೆಯ ಪ್ರಸ್ತಾಪವಿದೆ. ಹೆಚ್ಚಿನ ನೆರವಿಗೆ ಅರ್ಜಿ ಹಾಕುವ ದಾರಿ 38ನೇ ಕಲಮಿನಲ್ಲಿದೆ. ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ಯುಡಿಐಡಿ ಕಾರ್ಡನ್ನು (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪ್ರವೇಶಕ್ಕೆ ಮೊದಲೇ ಮಾಡಿಸಿಟ್ಟುಕೊಳ್ಳಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅವರು ಸಿಗದಿದ್ದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯ ಕಚೇರಿಯನ್ನು ಕೇಳಿ.

ಜನ ಹುಡುಕುವ ಮುಂಚೆ ಒಂದು ವಾರ ದಿನಚರಿ ಬರೆದಿಡಿ: ಏಳುವುದು, ಶೌಚ, ಸ್ನಾನ, ಬಟ್ಟೆ, ತಿಂಡಿ, ತರಗತಿ ಬದಲಾವಣೆ, ಮಲಗುವುದು, ಪ್ರತಿಯೊಂದಕ್ಕೂ ಎಷ್ಟು ನಿಮಿಷ ಎಂದು. ಬೆಳಗಿನ ಕೆಲಸಕ್ಕೇ ಒಂದೂವರೆ, ಎರಡು ಗಂಟೆ ಹಿಡಿಯುವುದು ಆಗ ಗೊತ್ತಾಗುತ್ತದೆ. ಈ ಪಟ್ಟಿಯಿಲ್ಲದೆ ‘ಸ್ವಲ್ಪ ನೋಡಿಕೊಳ್ಳಪ್ಪ’ ಎಂದು ಕರೆದ ಕಡೆಯಲ್ಲೆಲ್ಲ ಎರಡೇ ವಾರಕ್ಕೆ ಜಗಳವಾಯಿತು. ಏಜೆನ್ಸಿಯ ಹೋಮ್ ನರ್ಸ್ ಹನ್ನೆರಡು ಗಂಟೆಯ ಪಾಳಿಗೆ ಬರುತ್ತಾರೆ, ದುಬಾರಿ. ಹತ್ತಿರದ ಊರಿನವರೊಬ್ಬರು ಬೆಳಿಗ್ಗೆ, ಇನ್ನೊಬ್ಬರು ರಾತ್ರಿ ಎಂದು ಗೊತ್ತುಮಾಡಿದರೆ ಖರ್ಚು ಕಡಿಮೆ, ಒಬ್ಬರು ತಪ್ಪಿಸಿಕೊಂಡರೆ ಇನ್ನೊಬ್ಬರಿರುತ್ತಾರೆ. ರೂಮ್‌ಮೇಟನ್ನೇ ಸಹಾಯಕನನ್ನಾಗಿ ಮಾಡಿಕೊಳ್ಳುವುದು ನನಗೆ ಸರಿಕಾಣದು. ಪರೀಕ್ಷೆಯ ಬೆಳಿಗ್ಗೆ ಅವನೂ ಓದಬೇಕು.

ಹೊಸಬರಿಗೆ ಮೊದಲು ಕಲಿಸಬೇಕಾದದ್ದು ಮಂಚದಿಂದ ವೀಲ್‌ಚೇರಿಗೆ ಕೂರಿಸುವುದು. ಕಾಲು ಊರಿ ಸ್ವಲ್ಪ ಭಾರ ತಡೆಯಬಲ್ಲವರಾದರೆ ಕ್ರಮ ಹೀಗೆ. ಕುರ್ಚಿಯನ್ನು ಮಂಚಕ್ಕೆ ಓರೆಯಾಗಿ, ಸುಮಾರು 30 ಡಿಗ್ರಿಗೆ ತಂದು ನಿಲ್ಲಿಸಿ. ಎರಡೂ ಬ್ರೇಕ್ ಹಾಕಿ, ಪಾದದ ಹಲಗೆ ಸರಿಸಿ, ಮಂಚದ ಕಡೆಗಿರುವ ಕುರ್ಚಿಯ ತೋಳು ತೆಗೆದಿಡಿ. ಸಹಾಯಕ ತನ್ನ ಮೊಣಕಾಲುಗಳಿಂದ ನಿಮ್ಮ ಮೊಣಕಾಲುಗಳನ್ನು ತಡೆದು, ಸೊಂಟದ ಬೆಲ್ಟ್ ಹಿಡಿದು, ಬೆನ್ನು ಬಾಗಿಸದೆ ಎತ್ತಿ ತಿರುಗಿಸಬೇಕು. ಕಂಕುಳಿಗೆ ಕೈಹಾಕಿ ಎತ್ತಿದರೆ ಬಲವಿಲ್ಲದ ಭುಜದ ಕೀಲು ಜಾರುತ್ತದೆ. ಹೊಸಬರೆಲ್ಲ ಮಾಡುವುದು ಅದನ್ನೇ. ಎಳೆದು ಕೂರಿಸಿದರೆ ಚರ್ಮ ಉಜ್ಜಿ ಗಾಯವಾಗುತ್ತದೆ. ಸ್ಪರ್ಶ ಗೊತ್ತಾಗದವರು ರಾತ್ರಿ ಮಲಗುವಾಗ ಸೊಂಟದ ಕೆಳಭಾಗ, ಹಿಮ್ಮಡಿ ಕೆಂಪಾಗಿದೆಯೇ ಎಂದು ನೋಡಿಸಿಕೊಳ್ಳಬೇಕು. ತರಗತಿಯಲ್ಲಿ ಪ್ರತಿ ಅರ್ಧ ಗಂಟೆಗಾದರೂ ಮುಂದಕ್ಕೋ ಪಕ್ಕಕ್ಕೋ ವಾಲಿ ಭಾರ ತೆಗೆಯಬೇಕು.

ಹೊತ್ತುಹೊತ್ತಿಗೆ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಟ್ಯೂಬ್) ಹಾಕಿಕೊಳ್ಳುವವರು ವೈದ್ಯರು ಹೇಳಿದ ಅಂತರ ತಪ್ಪಿಸಬಾರದು. ಸಾಮಾನ್ಯವಾಗಿ ಅದು ನಾಲ್ಕರಿಂದ ಆರು ಗಂಟೆ. ಟೈಮ್‌ಟೇಬಲ್ ಕೈಗೆ ಬಂದ ದಿನವೇ ಈ ಹೊತ್ತುಗಳನ್ನು ಅದರಲ್ಲಿ ಗುರುತು ಮಾಡಿ, ಯಾವ ಕಟ್ಟಡದ ಶೌಚಾಲಯಕ್ಕೆ ವೀಲ್‌ಚೇರ್ ಹೋಗುತ್ತದೆ ಎಂದೂ ಬರೆದುಕೊಳ್ಳಿ. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಕತ್ತಿನಲ್ಲಿ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ ರಕ್ತದೊತ್ತಡ ಏರುತ್ತಿದೆ ಎಂದು ತಿಳಿಯಬೇಕು. ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಟ್ಯೂಬ್ ಮಡಚಿದೆಯೇ, ಚೀಲ ತುಂಬಿದೆಯೇ ನೋಡಿ. ಕೂಡಲೇ ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಕನ್ನಡದಲ್ಲಿ ದೊಡ್ಡಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ. ವಾರ್ಡನ್ನರಿಗೂ ಒಂದು ಪ್ರತಿ ಕೊಡಿ.

ಹೊರಗಿನವರು ಹಾಸ್ಟೆಲಿನೊಳಗೆ ಬರಲು ಪ್ರಾಂಶುಪಾಲರ ಲಿಖಿತ ಅನುಮತಿ ಬೇಕು. ಅರ್ಜಿಯಲ್ಲಿ ಸಹಾಯಕರ ಹೆಸರು, ಆಧಾರ್ ಪ್ರತಿ, ಬಂದುಹೋಗುವ ಹೊತ್ತು ಬರೆಯಿರಿ; ಬದಲಿ ವ್ಯಕ್ತಿಯ ವಿವರವನ್ನೂ ಅದರಲ್ಲೇ ಸೇರಿಸಿ. ಬಾಯಿಮಾತಿನ ಒಪ್ಪಿಗೆ ವಾರ್ಡನ್ ಬದಲಾದ ದಿನ ಗೇಟಿನಲ್ಲೇ ನಿಂತುಬಿಡುತ್ತದೆ. ಎಟಿಎಂ ಪಿನ್ ಯಾರಿಗೂ ಕೊಡಬೇಡಿ, ಸಂಬಳ ಖಾತೆಗೇ ಹಾಕಿ. ಮೇಷ್ಟ್ರು ನಿಮ್ಮ ವಿಷಯವನ್ನು ಸಹಾಯಕನ ಹತ್ತಿರ ಕೇಳಿದರೆ ‘ಸರ್, ನಾನೇ ಹೇಳ್ತೀನಿ’ ಎಂದು ಮೊದಲ ದಿನವೇ ಹೇಳಿಬಿಡಿ.

ಪರೀಕ್ಷೆ ಬರೆದುಕೊಡುವ ಸ್ಕ್ರೈಬ್ ಬೇರೆ, ಸಹಾಯಕ ಬೇರೆ. ಇಬ್ಬರಿಗೂ ಪ್ರತ್ಯೇಕ ಅರ್ಜಿ ಕೊಡಬೇಕು. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದಿತ್ತು, ಅಂದರೆ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ಆ ನಾಲ್ಕು ಗಂಟೆಯ ನಡುವೆ ಶೌಚಕ್ಕೆ ಹೋಗಬೇಕಾದೀತು. ಸಹಾಯಕ ಹೊರಗೆ ಕಾದಿರಲು ಬಿಡಬೇಕೆಂದು ಮುಖ್ಯ ಪರೀಕ್ಷಾಧಿಕಾರಿಯಿಂದ ಮುಂಚೆಯೇ ಬರೆಸಿಕೊಳ್ಳಿ.

ರಜೆಯ ತಿಂಗಳಿಗೆ ಅರ್ಧ ಸಂಬಳವಾದರೂ ಕೊಡುವ ಮಾತನ್ನು ಸೇರಿಸಿಕೊಳ್ಳುವಾಗಲೇ ಆಡಿಕೊಳ್ಳಿ. ಕೊಡದಿದ್ದರೆ ಕೆಲಸ ಕಲಿತವರು ಬೇರೆ ಕಡೆ ಸೇರಿರುತ್ತಾರೆ, ಕಾಲೇಜು ತೆರೆದಾಗ ಮಂಚದಿಂದ ಕುರ್ಚಿಗೆ ಕೂರಿಸುವುದರಿಂದಲೇ ಮತ್ತೆ ಕಲಿಸಬೇಕಾಗುತ್ತದೆ.